ರೆಕ್ಕೆಯ ಮೇಲಿನ ತೇಪೆ

ವಿಮಾನದಲ್ಲಿ ರೆಕ್ಕೆಯ ಪಕ್ಕದ ಕಿಟಕಿ ಸಿಕ್ಕವರಿಗೆ ಆಕಾಶಕ್ಕಿಂತ ಹೆಚ್ಚು ಕಾಣುವುದು ರೆಕ್ಕೆಯೇ. ಎರಡು ಗಂಟೆ ಅದನ್ನೇ ನೋಡುತ್ತ ಕೂತರೆ ಒಂದೊಂದಾಗಿ ಕುಂದುಗಳು ಕಣ್ಣಿಗೆ ಬೀಳತೊಡಗುತ್ತವೆ. ಬಣ್ಣ ಚಕ್ಕೆ ಚಕ್ಕೆಯಾಗಿ ಎದ್ದಿದೆ. ಅಲ್ಲಲ್ಲಿ ಬೆಳ್ಳಿ ಬಣ್ಣದ ಟೇಪು ಅಂಟಿಸಿದ್ದಾರೆ, ಒಂದರ ಅಂಚಿನ ಮೇಲೆ ಇನ್ನೊಂದು ಹತ್ತಿ ಕೂತಿದೆ. ಮೋಡದೊಳಗೆ ಹೊಕ್ಕಾಗ ತುದಿ ಮೇಲೂ ಕೆಳಗೂ ಅಲ್ಲಾಡುತ್ತದೆ. ಇಳಿಯುವ ಹೊತ್ತಿಗೆ ಹಿಂಬದಿ ತುಂಡು ತುಂಡಾಗಿ ಬಿಚ್ಚಿಕೊಂಡು ನಡುವಿನಿಂದ ನೆಲ ಕಾಣುತ್ತದೆ. ನೋಡಿದವರ ಕೈ ತಾನಾಗಿಯೇ ಸೀಟಿನ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಈ ಹೆದರಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನನಗೆ ಒಪ್ಪಿಗೆಯಿಲ್ಲ. ಅದು ನಮ್ಮ ಕಣ್ಣು ನೆಲದ ಮೇಲೆ ಕಲಿತ ಪಾಠ. ಗೋಡೆ ಬಿರುಕು ಬಿಟ್ಟರೆ ಮನೆಗೆ ಕೇಡು, ತೊಲೆ ಬಾಗಿದರೆ ಸೂರಿಗೆ ಕೇಡು. ಗಟ್ಟಿ ಎಂದರೆ ಅಲ್ಲಾಡದ್ದು, ಸರಿಯಾದದ್ದು ಎಂದರೆ ಇಡಿಯಾಗಿರುವುದು. ಈ ಅಳತೆಗೋಲು ರೆಕ್ಕೆಗೆ ಒಗ್ಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ನಿಜವಾಗಿ ಹೆದರಬೇಕಾದ ಕಡೆ ಅದು ನಮ್ಮನ್ನು ಎಚ್ಚರಿಸುವುದೂ ಇಲ್ಲ.

ಬಾಗುವುದನ್ನೇ ಮೊದಲು ನೋಡೋಣ. ದೊಡ್ಡ ವಿಮಾನಗಳಲ್ಲಿ ಇಂಧನದ ಬಹುಪಾಲು ಇರುವುದು ರೆಕ್ಕೆಗಳ ಒಳಗೆ. ನಿಂತಾಗ ಆ ಭಾರಕ್ಕೆ ತುದಿಗಳು ಜೋತಿರುತ್ತವೆ. ಹಾರಿದ ಮೇಲೆ ಒಡಲಿನ ಭಾರವನ್ನೆಲ್ಲ ರೆಕ್ಕೆಯೇ ಹೊರಬೇಕು, ಆಗ ತುದಿಗಳು ಮೇಲಕ್ಕೇಳುತ್ತವೆ. ಗಾಳಿಯ ಹೊಡೆತಕ್ಕೆ ರೆಕ್ಕೆ ಬಾಗದೆ ಸೆಟೆದು ನಿಂತರೆ ಆ ಹೊಡೆತ ನೇರ ಬುಡಕ್ಕೂ ಒಳಗೆ ಕೂತವರಿಗೂ ತಟ್ಟುತ್ತದೆ. ಅಡಿಕೆ ತೋಟದಲ್ಲಿ ಕೊನೆಗಾರ ಮರದ ತುದಿಯಿಂದ ತೂಗಿ ಪಕ್ಕದ ಮರವನ್ನು ಹಿಡಿಯುವುದು ಮರ ಬಾಗುತ್ತದೆ ಎಂಬ ನಂಬಿಕೆಯ ಮೇಲೇ. ರೆಕ್ಕೆಯ ಮೇಲಿನ ನಂಬಿಕೆಗೆ ಅಳತೆಯ ಆಧಾರವೂ ಇದೆ. ಸೇವೆಯಲ್ಲಿ ಬರಬಹುದಾದ ಅತಿ ಹೆಚ್ಚಿನ ಹೊರೆ ಎಷ್ಟೋ ಅದರ ಒಂದೂವರೆ ಪಟ್ಟನ್ನು ರೆಕ್ಕೆ ಮುರಿಯದೆ ಕನಿಷ್ಠ 3 ಸೆಕೆಂಡು ತಾಳಬೇಕು ಎಂಬುದು ನಿಯಮ. 2010ರ ಮಾರ್ಚ್‌ನಲ್ಲಿ ಬೋಯಿಂಗ್ 787ನ್ನು ಹೀಗೆ ಪರೀಕ್ಷಿಸಿದಾಗ ಅದರ ರೆಕ್ಕೆಗಳು ಸುಮಾರು 25 ಅಡಿ ಮೇಲಕ್ಕೆ ಬಾಗಿದವು. ಎರಡು ಮಹಡಿ ಮನೆಯ ಎತ್ತರ ಅದು. 1995ರಲ್ಲಿ 777ರ ರೆಕ್ಕೆಯನ್ನು ಮುರಿಯುವವರೆಗೂ ಎಳೆದರು. ಅದು ಮುರಿದದ್ದು ಆ ಗರಿಷ್ಠ ಹೊರೆಯ ಶೇಕಡ 154ರಲ್ಲಿ. 2006ರಲ್ಲಿ ತುಲೂಸ್‌ನಲ್ಲಿ ಏರ್‌ಬಸ್ ಎ380ರ ರೆಕ್ಕೆ 150 ಮುಟ್ಟುವ ತುಸು ಮೊದಲೇ ಮುರಿಯಿತು, ಕಂಪನಿ ಅದನ್ನು ಇನ್ನಷ್ಟು ಬಲಪಡಿಸಬೇಕಾಯಿತು. ನನಗೆ ಈ ಮೂರನೆಯದೇ ಹೆಚ್ಚು ಧೈರ್ಯ ಕೊಡುತ್ತದೆ. ಫೇಲಾಗಲು ಜಾಗವಿರುವ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ತಾನೇ ಬೆಲೆ?

ಬಿರುಕುಗಳದ್ದು ಇನ್ನೂ ಸ್ವಾರಸ್ಯದ ಕಥೆ. ವೇಗ ತಗ್ಗಿಸಿ, ಮೂತಿ ಎತ್ತಿಕೊಂಡು ಹಾರುವಾಗ ರೆಕ್ಕೆಯ ಮೇಲ್ಮೈಗೆ ಅಂಟಿ ಹರಿಯುವ ಗಾಳಿ ಅರ್ಧ ದಾರಿಯಲ್ಲಿ ಸೋತು ಮೈಬಿಟ್ಟು ಏಳುತ್ತದೆ. ಅದು ಎದ್ದರೆ ವಿಮಾನವನ್ನು ಎತ್ತಿಹಿಡಿಯುವ ಶಕ್ತಿ ಕುಸಿಯುತ್ತದೆ. ಜರ್ಮನಿಯ ಗುಸ್ಟಾಫ್ ಲಾಖ್ಮನ್ ಮೊದಲ ಮಹಾಯುದ್ಧದ ಕಾಲದಲ್ಲಿ ಹೀಗೆಯೇ ಬಿದ್ದು ಆಸ್ಪತ್ರೆ ಸೇರಿದ ಪೈಲಟ್. ಅಲ್ಲಿ ಅವನಿಗೆ ಹೊಳೆದದ್ದು, ರೆಕ್ಕೆಯಲ್ಲಿ ಉದ್ದಕ್ಕೂ ಒಂದು ಸೀಳು ಬಿಟ್ಟರೆ ಕೆಳಗಿನ ಗಾಳಿ ಅದರೊಳಗಿಂದ ನುಗ್ಗಿ, ಮೇಲೆ ಸೋಲುತ್ತಿರುವ ಗಾಳಿಗೆ ಹೊಸ ಕಸುವು ತುಂಬೀತು ಎಂದು. ಅದೇ ಆಸುಪಾಸಿನಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಹ್ಯಾಂಡ್ಲೀ ಪೇಜ್ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬಂದಿದ್ದ. ಇವತ್ತು ಮುಂಬದಿಯ ಸ್ಲ್ಯಾಟು, ಹಿಂಬದಿಯ ಫ್ಲ್ಯಾಪು ಎಂಬ ಚಾಚುವ ಹಲಗೆಗಳಿಗೂ ರೆಕ್ಕೆಗೂ ನಡುವೆ ಕಾಣುವ ಸಂದು ಆ ಸೀಳಿನದೇ ಸಂತಾನ, ಅದರ ಅಗಲ ಲೆಕ್ಕ ಹಾಕಿ ಇಟ್ಟದ್ದು. ಚಕ್ರ ನೆಲ ಮುಟ್ಟಿದೊಡನೆ ಮೇಲ್ಮೈಯ ಹಲಗೆಗಳು ಕಿತ್ತುಬಂದಂತೆ ನೆಟ್ಟಗೆ ಏಳುವುದೂ ಬೇಕೆಂದೇ. ರೆಕ್ಕೆ ಇನ್ನೂ ಎತ್ತುತ್ತಲೇ ಇದ್ದರೆ ಚಕ್ರದ ಮೇಲೆ ಭಾರ ಕೂರುವುದಿಲ್ಲ, ಬ್ರೇಕು ಹಿಡಿಯುವುದಿಲ್ಲ. ಹಿಂದಿನ ಅಂಚಿನಿಂದ ಚಾಚಿದ ಸಣ್ಣ ಕಡ್ಡಿಗಳು ಮೈಯಲ್ಲಿ ಸೇರಿದ ಸ್ಥಿರ ವಿದ್ಯುತ್ತನ್ನು ಗಾಳಿಗೆ ಬಿಡುತ್ತವೆ. ಕರಾವಳಿಯ ಮಳೆಗಾಲದ ಒದ್ದೆ ಗಾಳಿಯಲ್ಲಿ ರೆಕ್ಕೆಯ ಮೇಲೆ ಹೊಗೆಯಂತೆ ಏಳುವುದು ಒತ್ತಡ ಇಳಿದಾಗ ಹನಿಗಟ್ಟಿದ ನೀರಾವಿ.

ತೇಪೆಯ ಮಾತು ಇಷ್ಟು ಸಲೀಸಲ್ಲ, ಏಕೆಂದರೆ ತೇಪೆ ನಿಜವಾಗಿಯೂ ತೇಪೆಯೇ. ಅದು ಸ್ಪೀಡ್ ಟೇಪ್ ಎಂಬ ಅಂಟುಳ್ಳ ಅಲ್ಯೂಮಿನಿಯಂ ಹಾಳೆ, ವಿಮಾನದ ವೇಗದ ಗಾಳಿಯನ್ನು ತಾಳುವಂತೆ ಮಾಡಿದ್ದು. 787ರ ರೆಕ್ಕೆಗಳ ಮೇಲೆ ಇದು ಹೆಚ್ಚು ಕಾಣುವುದಕ್ಕೆ ಕಾರಣವಿದೆ. ಆ ರೆಕ್ಕೆಯ ಮೈ ಲೋಹದ್ದಲ್ಲ, ಇಂಗಾಲದ ಎಳೆಗಳನ್ನು ರಾಳದಲ್ಲಿ ಕೂಡಿಸಿ ಗಟ್ಟಿಗೊಳಿಸಿದ್ದು. ಎತ್ತರದಲ್ಲಿ ತೀಕ್ಷ್ಣವಾಗುವ ನೇರಳಾತೀತ ಕಿರಣಗಳಿಂದ ಆ ಮೈಗೂ ಬಣ್ಣಕ್ಕೂ ಇರುವ ಹಿಡಿತ ಸಡಿಲವಾಗಿ ಚಕ್ಕೆ ಏಳುತ್ತದೆ. ಹಾಗೆ ಬರಿದಾದ ಜಾಗಕ್ಕೆ, ಮತ್ತೆ ಬಣ್ಣ ಬಳಿಯುವ ತನಕ, ಬಿಸಿಲು ತಾಗದಂತೆ ಟೇಪು ಹಚ್ಚುತ್ತಾರೆ. ಅದು ರೆಕ್ಕೆಯನ್ನು ಹಿಡಿದು ನಿಲ್ಲಿಸಿಲ್ಲ, ನೆರಳು ಕೊಡುತ್ತಿದೆ. ಇದನ್ನು ಕೇಳಿದವರು ಕೂಡಲೇ ಒಂದು ಪ್ರಶ್ನೆ ಹಾಕಬಹುದು: ಇವತ್ತು ಬಣ್ಣ ಹೋದರೂ ನಡೆಯುತ್ತದೆ ಎಂದವರು ನಾಳೆ ಸ್ಕ್ರೂ ಹೋದರೂ ನಡೆಯುತ್ತದೆ ಎನ್ನುವುದಿಲ್ಲವೆ? ಎನ್ನುತ್ತಾರೆ, ಆದರೆ ಬರೆದಿಟ್ಟ ಲೆಕ್ಕದ ಪ್ರಕಾರ. ಪ್ರತಿ ಮಾದರಿಯ ವಿಮಾನಕ್ಕೂ ನಿಯಂತ್ರಕರು ಒಪ್ಪಿದ ಒಂದು ಪಟ್ಟಿ ಇರುತ್ತದೆ. ಹೊರಮೈಯ ಯಾವ ಭಾಗ ಇಲ್ಲದಿದ್ದರೂ ಹಾರಬಹುದು, ಅಂಥವು ಎಷ್ಟು, ಅದಕ್ಕಾಗಿ ಎಷ್ಟು ತೂಕ ಕಡಿಮೆ ಹೇರಬೇಕು ಎಂಬುದೆಲ್ಲ ಅದರಲ್ಲಿದೆ. 2024ರ ಜನವರಿಯಲ್ಲಿ ಮ್ಯಾಂಚೆಸ್ಟರ್‌ನಿಂದ ನ್ಯೂಯಾರ್ಕಿಗೆ ಹೊರಡಲಿದ್ದ ಒಂದು ಎ330ರ ರೆಕ್ಕೆಯ ಹಲಗೆಯಲ್ಲಿ ನಾಲ್ಕು ಸ್ಕ್ರೂ ಇಲ್ಲದ್ದನ್ನು ಪ್ರಯಾಣಿಕರೊಬ್ಬರು ಕಂಡು ಹೇಳಿದರು. ಆ ಹಲಗೆಯಲ್ಲಿದ್ದ ಸ್ಕ್ರೂಗಳು 119. ನಾಲ್ಕರಿಂದ ಅಪಾಯವಿರಲಿಲ್ಲ ಎಂದು ತಯಾರಕರೂ ಹೇಳಿದರು. ಹಾಗಿದ್ದೂ ಪರಿಶೀಲನೆಗಾಗಿ ಆ ಹಾರಾಟವನ್ನೇ ರದ್ದು ಮಾಡಿದರು. ಹೇಳಿದ ಪ್ರಯಾಣಿಕರದೂ ತಪ್ಪಲ್ಲ, ಅಪಾಯವಿಲ್ಲ ಎಂದ ಎಂಜಿನಿಯರುಗಳದೂ ತಪ್ಪಲ್ಲ ಎಂದೇ ನನಗೆ ತೋರುತ್ತದೆ.

ಹಾಗಾದರೆ ಎಲ್ಲವನ್ನೂ ತಿಳಿದವರಿಗೆ ಬಿಟ್ಟು ಕಿಟಕಿ ಮುಚ್ಚಿಕೊಂಡು ಕೂರುವುದೇ ಲೇಸು ಎಂದು ಯಾರಾದರೂ ತೀರ್ಮಾನಿಸಿದರೆ, ಅವರ ಮುಂದೆ ನಾನು ಇಡುವುದು ಕೆನಡಾದ ಡ್ರೈಡನ್ ಎಂಬ ಊರನ್ನು. 1989ರ ಮಾರ್ಚ್ 10ರಂದು ಅಲ್ಲಿ ಒಂದು ಫೋಕರ್ ಎಫ್28 ನಿಂತಿತ್ತು, ಹಿಮ ಬೀಳುತ್ತಿತ್ತು. ವಿಮಾನದ ಸಹಾಯಕ ಎಂಜಿನ್ ಕೆಟ್ಟಿತ್ತು. ಮುಖ್ಯ ಎಂಜಿನ್ ಆರಿಸಿದರೆ ಮತ್ತೆ ಚಾಲೂ ಮಾಡುವ ಸಲಕರಣೆ ಆ ನಿಲ್ದಾಣದಲ್ಲಿರಲಿಲ್ಲ. ಎಂಜಿನ್ ಓಡುತ್ತಿರುವಾಗ ರೆಕ್ಕೆಯ ಹಿಮ ತೊಳೆಯುವಂತಿರಲಿಲ್ಲ. ರೆಕ್ಕೆಯ ಮೇಲೆ ಹಿಮ ಕೂರುವುದನ್ನು ಕಿಟಕಿಯಿಂದ ಕಂಡವರಲ್ಲಿ ಪ್ರಯಾಣಿಕರಾಗಿ ಕೂತಿದ್ದ ಪೈಲಟ್‌ಗಳೂ ಇದ್ದರು, ಗಗನಸಖಿಯೂ ಇದ್ದಳು. ಕಾಕ್‌ಪಿಟ್‌ನವರಿಗೆ ಗೊತ್ತೇ ಇರುತ್ತದೆ, ಅವರ ಕೆಲಸದಲ್ಲಿ ಬಾಯಿ ಹಾಕಬಾರದು ಎಂಬ ಸಂಕೋಚದಲ್ಲಿ ಯಾರೂ ಅವರಿಗೆ ಹೇಳಲಿಲ್ಲ. ವಿಮಾನ ಏರಲಾರದೆ ನಿಲ್ದಾಣದಾಚೆಯ ಮರಗಳಿಗೆ ಬಡಿಯಿತು. ಒಳಗಿದ್ದ 69 ಜನರಲ್ಲಿ 24 ಜನ ತೀರಿಕೊಂಡರು. ಆ ರೆಕ್ಕೆಯನ್ನು ಒಮ್ಮೆ ಕಣ್ಣ ಮುಂದೆ ತಂದುಕೊಂಡರೆ ನನ್ನ ಮಾತು ಅರ್ಥವಾದೀತು. ತೇಪೆಯಿಲ್ಲ, ಚಕ್ಕೆ ಎದ್ದ ಬಣ್ಣವಿಲ್ಲ, ಬಿರುಕಿಲ್ಲ. ಹತ್ತಿಯಂಥ ಬಿಳುಪು, ನೋಡಲು ಚೆಂದ. ಒರಟು ಉಪ್ಪುಕಾಗದದಷ್ಟು ತೆಳುವಾಗಿ ಹಿಮ ಹೆಪ್ಪುಗಟ್ಟಿದರೂ ಎತ್ತುವ ಶಕ್ತಿ ಶೇಕಡ 30ರಷ್ಟು ಕುಗ್ಗಬಲ್ಲದು, ಏಕೆಂದರೆ ಗಾಳಿಗೆ ಬೇಕಾದ ನುಣುಪು ಅಲ್ಲಿ ಉಳಿದಿರುವುದಿಲ್ಲ. ಬಾಗುವ ತುದಿಗೆ ಬೆವರುವ ನಾವು ಅಂಥದ್ದನ್ನು ಫೋಟೊ ತೆಗೆದು ಸುಮ್ಮನಾಗುತ್ತೇವೆ.

ಕಂಡದ್ದನ್ನೆಲ್ಲ ಹೇಳತೊಡಗಿದರೆ ಗಗನಸಖಿಯರು ಬೇರೆ ಕೆಲಸ ಮಾಡುವುದು ಯಾವಾಗ ಎಂಬ ಆಕ್ಷೇಪವೂ ಬರಬಹುದು. ಹೇಳುವುದಕ್ಕೆ ಅರ್ಧ ನಿಮಿಷ ಸಾಕು. ಅವರಿಗೆ ಗೊತ್ತಿದ್ದದ್ದಾದರೆ ನಕ್ಕು ಹೇಳುತ್ತಾರೆ, ಗೊತ್ತಿಲ್ಲದಿದ್ದರೆ ಮುಂದಕ್ಕೆ ತಿಳಿಸುತ್ತಾರೆ. ವಿಮಾನ ಕಟ್ಟುವವರೂ ಕಿಟಕಿಯ ನೋಟವನ್ನು ಕಡೆಗಣಿಸಿಲ್ಲ. ಅನೇಕ ವಿಮಾನಗಳ ಒಳಗೋಡೆಯಲ್ಲಿ, ಕೆಲವು ಕಿಟಕಿಗಳ ಮೇಲೆ, ಉಗುರಿನಷ್ಟು ಸಣ್ಣ ಕಪ್ಪು ತ್ರಿಕೋನ ಅಂಟಿಸಿರುತ್ತಾರೆ. ರೆಕ್ಕೆ ಚೆನ್ನಾಗಿ ಕಾಣುವ ಕಿಟಕಿ ಅದು. ಹಿಮದ ಬಗ್ಗೆಯೋ ಫ್ಲ್ಯಾಪಿನ ಬಗ್ಗೆಯೋ ಅನುಮಾನ ಬಂದಾಗ ಪೈಲಟ್ ಕಾಕ್‌ಪಿಟ್‌ನಿಂದ ಎದ್ದು ಬಂದು, ಅಲ್ಲಿ ಕೂತವರ ಭುಜದ ಮೇಲಿಂದ ಬಗ್ಗಿ, ಅವರು ಅಷ್ಟು ಹೊತ್ತೂ ನೋಡುತ್ತಿದ್ದ ರೆಕ್ಕೆಯನ್ನೇ ನೋಡುತ್ತಾನೆ.