ಎಂಬತ್ತೇಳರಲ್ಲಿ ಒಂದು

ಕೋಲ್ಕತ್ತದ ಸದರ್ನ್ ಅವೆನ್ಯೂ ಗೋಲ್‌ಪಾರ್ಕ್‌ನಿಂದ ಶ್ಯಾಮಾಪ್ರಸಾದ್ ಮುಖರ್ಜಿ ರಸ್ತೆಯ ತನಕ ಹೆಚ್ಚುಕಡಿಮೆ ಎರಡು ಕಿಲೋಮೀಟರ್ ಇದೆ. ಅದರ ದಕ್ಷಿಣಕ್ಕೆ ರವೀಂದ್ರ ಸರೋವರ. ಸರೋವರದ ಆಚೆ ಬದಿಗೆ ಬಜ್‌ಬಜ್ ಲೋಕಲ್ ಓಡುವ ಹಳಿ. ಬೀದಿ, ಮರ, ನೀರು, ರೈಲು ಎಲ್ಲ ಇಷ್ಟು ಹತ್ತಿರ ಹತ್ತಿರ ಸಿಗುವ ಜಾಗ ಪುಟಾಣಿ ರೈಲು ಕಟ್ಟುವವರಿಗೆ ಹಬ್ಬ. ಆದರೆ ಎಚ್‌ಒ ಅಳತೆಯಲ್ಲಿ, ಅಂದರೆ 1:87ರಲ್ಲಿ, ಈ ಬೀದಿಯೊಂದೇ 23 ಮೀಟರ್ ಉದ್ದವಾಗುತ್ತದೆ. ಅಷ್ಟು ಉದ್ದದ ಕೋಣೆ ಯಾರ ಮನೆಯಲ್ಲಿದೆ? ಹಾಗಾಗಿ ಕಟ್ಟಲು ಕೂತವರಿಗೆ ಮೊದಲು ಎದುರಾಗುವುದು ಬಿಡುವ ಕೆಲಸ: ಯಾವ ಮನೆ ಇರಲಿ, ಯಾವುದು ಹೋಗಲಿ, ಸರೋವರದ ಯಾವ ತಿರುವು ಸಾಕು. ಈ ಹವ್ಯಾಸದ ನಿಜವಾದ ಕಸುಬು ಇಲ್ಲೇ ಇದೆ ಎಂಬುದು ನನ್ನ ವಾದ. ಲೆಕ್ಕ ಎಲ್ಲರಿಗೂ ಒಂದೇ. ಲೆಕ್ಕವನ್ನು ಎಲ್ಲಿ ಸಡಿಲಿಸಿದರು ಎಂಬುದರಲ್ಲಿ ಕಟ್ಟಿದವರ ಕಣ್ಣು ಗೊತ್ತಾಗುತ್ತದೆ.

ಹಳಿಯನ್ನೇ ನೋಡಿ. ನಮ್ಮ ಬ್ರಾಡ್‌ಗೇಜ್ 1676 ಮಿಲಿಮೀಟರ್. 87ರಿಂದ ಭಾಗಿಸಿದರೆ 19.3. ಅಂಗಡಿಯ ಎಚ್‌ಒ ಹಳಿ 16.5, ಯಾಕೆಂದರೆ ಅದು ಯುರೋಪು, ಅಮೆರಿಕಗಳ 1435ರ ಹಳಿಗೆಂದು ಮಾಡಿದ್ದು. ಸ್ವಾರಸ್ಯವೆಂದರೆ ಪಕ್ಕದ ರಾಸ್‌ಬಿಹಾರಿ ಅವೆನ್ಯೂದಲ್ಲಿ ಓಡಾಡಿದ ಟ್ರಾಮಿನ ಹಳಿಯೂ 1435; ಟ್ರಾಮಿಗೆ ಅದು ಸರಿಯಾಗಿ ಒಪ್ಪುತ್ತದೆ. ತೊಂದರೆ ಲೋಕಲ್ ರೈಲಿನದು. ಅದರ ಬೋಗಿ 3.66 ಮೀಟರ್ ಅಗಲ, ಮಾದರಿಯಲ್ಲಿ 42 ಮಿಲಿಮೀಟರ್. ಅದನ್ನು 16.5ರ ಹಳಿಯ ಮೇಲೆ ನಿಲ್ಲಿಸಿ ಎದುರಿನಿಂದ ನೋಡಿದರೆ ಪುಟ್ಟ ಪಾದದ ಮೇಲೆ ದಪ್ಪ ಮೈ ಇಟ್ಟಂತಿರುತ್ತದೆ. ಬುಡವೇ ತಪ್ಪಾದ ಮೇಲೆ ಕಿಟಕಿಯ ಸರಳಿಗೆ ಯಾಕೆ ಒದ್ದಾಟ ಎಂದು ಕೇಳುವವರಿದ್ದಾರೆ. ಆಕ್ಷೇಪ ಹಗುರವಲ್ಲ. ಸ್ಲೀಪರುಗಳನ್ನು ಒಂದೊಂದಾಗಿ ಅಂಟಿಸಿ, ಚಕ್ರಗಳನ್ನು ಅಚ್ಚಿನ ಮೇಲೆ ಹೊರಕ್ಕೆ ಸರಿಸಿ, 19.3ರ ಹಳಿಯನ್ನು ಕೈಯಾರೆ ಹಾಕಲು ಬರುತ್ತದೆ. ಆದರೆ ಮಾಡ್ಯೂಲ್ ಎಂಬುದು ಇನ್ನೊಬ್ಬರ ಮಾಡ್ಯೂಲಿಗೆ ಕೂಡಿಕೊಳ್ಳಲೆಂದೇ ಇರುವ ಹಲಗೆ. ತುದಿಯಲ್ಲಿ ಹಳಿ ಎಲ್ಲರ ಅಳತೆಗೆ ಸೇರಬೇಕು; ನಡುವೆ ಏನು ಕಟ್ಟಿದರೂ ಅದು ಕಟ್ಟಿದವರ ಸ್ವಂತ. 2.8 ಮಿಲಿಮೀಟರಿನ ತಪ್ಪು ನಾಲ್ಕು ಜನ ಕೂಡಿ ರೈಲು ಓಡಿಸುವುದಕ್ಕೆ ತೆರುವ ಬೆಲೆ. ನನಗದು ಅಗ್ಗವೇ. ಮೇಲಿನ ಕರೆಂಟ್ ತಂತಿಯದೂ ಅದೇ ಕಥೆ: ನಿಜದಲ್ಲಿ ಸುಮಾರು 12 ಮಿಲಿಮೀಟರ್ ದಪ್ಪ, ಮಾದರಿಗೆ 0.14. ಕೈ ತಾಗಿದರೆ ತುಂಡಾಗುತ್ತದೆ. ದಪ್ಪ ತಂತಿಯನ್ನೇ ಎಳೆದು ಮಂಕು ಬೂದು ಬಳಿದರೆ ಕಣ್ಣು ಅದನ್ನು ತೆಳುವೆಂದೇ ಒಪ್ಪುತ್ತದೆ.

ಮರದ ವಿಷಯದಲ್ಲಿ ಮಾತ್ರ ರಾಜಿ ಬೇಡ. 15 ಮೀಟರಿನ ಮರ ಮಾದರಿಯಲ್ಲಿ 17 ಸೆಂಟಿಮೀಟರ್, ನಾಲ್ಕು ಅಂತಸ್ತಿನ ಮನೆಗಿಂತ ಎತ್ತರ. ಎಷ್ಟೋ ಮಾದರಿಗಳಲ್ಲಿ ಮರಗಳು ಎರಡನೇ ಮಹಡಿಗೇ ನಿಂತುಬಿಡುತ್ತವೆ. ಸದರ್ನ್ ಅವೆನ್ಯೂದ ಗುರುತೇ ರಸ್ತೆಯ ಮೇಲೆ ಚಾಚಿದ ಕೊಂಬೆ. ಅದು ಕುಳ್ಳಾದರೆ ಬೀದಿಯೇ ಬೇರೆಯಾಯಿತು. ಹಳೆಯ ವೈರಿನ ತಾಮ್ರದ ಎಳೆಗಳನ್ನು ಬುಡದಲ್ಲಿ ಒಟ್ಟಾಗಿ ಹೊಸೆದು, ಮೇಲೆ ಹೋದಂತೆ ಕವಲು ಬಿಡಿಸಿ, ಅಂಟಿನಲ್ಲಿ ಕಲಸಿದ ಮರದ ಹುಡಿ ಮೆತ್ತಿದರೆ ತೊಗಟೆ ಸಿದ್ಧ. ಬಣ್ಣದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಒಂದು ಮೀಟರ್ ದೂರದಿಂದ ಮಾದರಿ ನೋಡುವುದೆಂದರೆ ನಿಜದ ಮನೆಯನ್ನು 87 ಮೀಟರ್ ದೂರದಿಂದ ನೋಡಿದ ಹಾಗೆ. ಅಷ್ಟು ದೂರಕ್ಕೆ ಯಾವ ಹಸಿರು ಕಿಟಕಿಯೂ ಡಬ್ಬಿಯ ಹಸಿರಾಗಿ ಉಳಿಯುವುದಿಲ್ಲ. ಕೊಂಚ ಬಿಳಿ ಬೆರೆಸಲೇಬೇಕು.

ಕಂಪ್ಯೂಟರಿನ ರೈಲು ಆಟದಲ್ಲಿ ಇಡೀ ಬೀದಿಯನ್ನೇ ಇಡಬಹುದಲ್ಲ, ಈ ಕತ್ತರಿ-ಅಂಟಿನ ಪಾಡು ಯಾಕೆ ಎಂಬ ಮಾತೂ ಇದೆ. ಅಲ್ಲಿ ಜಾಗಕ್ಕೆ ಬರವಿಲ್ಲ ನಿಜ. ಅದರಿಂದಲೇ ಅಲ್ಲಿ ಯಾವ ಮನೆಯೂ ಬೇಕೇಬೇಕಾದ ಮನೆಯಲ್ಲ. ಒಂದು ಮೀಟರಿನ ಹಲಗೆಯಲ್ಲಿ ರಸ್ತೆ, ನೀರು, ಹಳಿ ಕೂತ ಮೇಲೆ ಮೂರೇ ಮನೆಗೆ ಜಾಗ ಉಳಿಯುತ್ತದೆ. ದುಂಡು ಬಾಲ್ಕನಿಯ ಹಳೆಯ ಮನೆ ಒಂದಂತೂ ಇರಬೇಕು. ಉಳಿದೆರಡರಲ್ಲಿ ಒಂದು ಹೊಸ ಫ್ಲ್ಯಾಟ್ ಆಗಿರಲಿ ಎನ್ನುತ್ತೇನೆ. ಈಗಿನ ಬೀದಿ ಇರುವುದು ಹಾಗೆಯೇ.