ಹಾಡಿಗೊಂದು ಹಾಸಿಗೆ

ಹವ್ಯಾಸಿ ಕ್ವಾಯರ್‌ಗಳ ವಿದೇಶ ಪ್ರವಾಸಕ್ಕೆ ಬ್ರಿಟನ್ನಿನಲ್ಲೂ ಜರ್ಮನಿಯಲ್ಲೂ ‘ವಿನಿಮಯ’ ಎಂದೇ ಹೆಸರು. ಈ ವರ್ಷ ನಾವು ನಿಮ್ಮೂರಿಗೆ ಬಂದು ಹಾಡುತ್ತೇವೆ, ಮುಂದೊಂದು ವರ್ಷ ನೀವು ನಮ್ಮೂರಿಗೆ ಬನ್ನಿ. ಹೋಟೆಲ್ ಇಲ್ಲ; ಆ ಊರಿನ ಹಾಡುಗಾರರ ಮನೆಗಳಲ್ಲೇ ಉಳಿಯಬೇಕು. ಖರ್ಚು ಉಳಿಸುವ ಉಪಾಯದಂತೆ ಕಾಣುವ ಈ ಏರ್ಪಾಡಿನ ಹಿಂದೆ ಒಂದು ಚರಿತ್ರೆಯಿದೆ.

ನಾನು ಪಿಎಚ್‌.ಡಿ. ಮಾಡುತ್ತಿರುವ ಬ್ರಿಸ್ಟಲ್ ನಗರದ ಮೇಲೆ 1940ರ ನವೆಂಬರ್ 24ರ ರಾತ್ರಿ ಜರ್ಮನ್ ವಿಮಾನಗಳು ಬಾಂಬು ಸುರಿದವು. ಹಳೆಯ ಪೇಟೆಯ ಸೇಂಟ್ ಪೀಟರ್ಸ್ ಚರ್ಚು ಸುಟ್ಟುಹೋಗಿ ಗೋಡೆ, ಗೋಪುರ ಮಾತ್ರ ಉಳಿದವು. 1943ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ವಿಮಾನಗಳು ಜರ್ಮನಿಯ ಹ್ಯಾನೋವರ್ ನಗರದ ನಡುಭಾಗವನ್ನು ಸುಟ್ಟವು. ಅಲ್ಲಿನ ಎಗೀಡಿಯೆನ್ ಚರ್ಚಿನದೂ ಅದೇ ಗತಿ. ಎರಡೂ ಊರಿನವರು ಆ ಚರ್ಚುಗಳಿಗೆ ಮತ್ತೆ ಚಾವಣಿ ಹೊದಿಸಲಿಲ್ಲ, ಹಾಗೆಯೇ ಸ್ಮಾರಕವಾಗಿ ಉಳಿಸಿಕೊಂಡರು. ಯುದ್ಧ ಮುಗಿದ ಎರಡೇ ವರ್ಷಕ್ಕೆ, 1947ರಲ್ಲಿ, ಬ್ರಿಸ್ಟಲ್‌ನಿಂದ ಐದು ಮಂದಿಯ ಸದ್ಭಾವನಾ ತಂಡವೊಂದು ಹ್ಯಾನೋವರಿಗೆ ಹೋಯಿತು. ಅಂದಿನಿಂದ ಇವು ಅವಳಿ ನಗರಗಳು. ಬಾಂಬು ಬಿದ್ದ ಊರಿನವರು ಬಾಂಬು ಹಾಕಿದ ಊರಿನವರಿಗೆ ತಮ್ಮ ಮನೆಯಲ್ಲಿ ಹಾಸಿಗೆ ಹಾಸಿಕೊಡುವುದು ಈ ನಂಟಿನ ತಿರುಳು.

ನಮ್ಮ ಕ್ವಾಯರ್ ಸೇರಲು ಪರೀಕ್ಷೆಯಿಲ್ಲ. ನಿವೃತ್ತ ನರ್ಸು, ಬಸ್ ಡ್ರೈವರ್, ಶಾಲೆಯ ಮೇಷ್ಟ್ರು, ಥೀಸಿಸ್ ಮುಗಿಯದ ನನ್ನಂಥವರು ಪ್ರತಿ ಮಂಗಳವಾರ ಸಂಜೆ ಒಂದು ಹಾಲ್‌ನಲ್ಲಿ ಸೇರುತ್ತೇವೆ. ಶಿವಮೊಗ್ಗದಲ್ಲಿ ಭಜನೆ, ಸುಗಮ ಸಂಗೀತ ಹಾಡಿ ಬೆಳೆದ ನನಗೆ ಗುಂಪಿನಲ್ಲಿ ಹಾಡುವುದೆಂದರೆ ಎಲ್ಲರೂ ಒಂದೇ ಧಾಟಿ ಹಾಡುವುದು. ಇಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂದು ನಾಲ್ಕು ಸಾಲು. ನಾನು ಆಲ್ಟೊ. ಆಲ್ಟೊಗಳ ಪಾಲಿಗೆ ಇಂಪಾದ ಧಾಟಿ ಬರುವುದು ಅಪರೂಪ. ಮನೆಯಲ್ಲಿ ಒಬ್ಬಳೇ ಗುನುಗಿದರೆ ಅದು ಹಾಡೆಂದೇ ಅನಿಸದು. ಉಳಿದ ಮೂರು ಸಾಲು ಕಿವಿಗೆ ಬಿದ್ದಾಗಲೇ ಅದಕ್ಕೆ ಅರ್ಥ. ಜರ್ಮನ್ ಸಾಹಿತ್ಯವನ್ನು ಸ್ವರಗಳ ಕೆಳಗೆ ಕನ್ನಡ ಲಿಪಿಯಲ್ಲಿ ಬರೆದುಕೊಂಡೆ. ನಮ್ಮ ಕಾಗುಣಿತ ಬಹುಪಾಲು ನಿಭಾಯಿಸಿತು. ತುಟಿಯನ್ನು ‘ಉ’ಗೆ ಇಟ್ಟು ‘ಇ’ ಎನ್ನಬೇಕಾದ ಒಂದು ಸ್ವರಕ್ಕೆ ಮಾತ್ರ ಪುಟ್ಟ ಸೊನ್ನೆ ಹಾಕಿಕೊಂಡೆ.

ಮಿಕ್ಕವರು ಯಾವ ಕೋಟು ಒಯ್ಯುವುದೆಂದು ಮಾತಾಡುತ್ತಿದ್ದಾಗ ನಾನು ವೀಸಾ ಅರ್ಜಿ ತುಂಬುತ್ತಿದ್ದೆ. ಬ್ರಿಟಿಷ್ ಪಾಸ್‌ಪೋರ್ಟಿನವರಿಗೆ ಐದು ದಿನದ ಜರ್ಮನಿ ಪ್ರವಾಸಕ್ಕೆ ವೀಸಾ ಬೇಡ. ಭಾರತದ ಪಾಸ್‌ಪೋರ್ಟಿಗೆ ಬೇಕು. ಬ್ಯಾಂಕ್ ಸ್ಟೇಟ್‌ಮೆಂಟು, ಕನಿಷ್ಠ 30,000 ಯೂರೋ ಮೊತ್ತದ ವಿಮೆ, ವಿಶ್ವವಿದ್ಯಾಲಯದ ಪತ್ರ, ಮರಳುವ ಟಿಕೆಟ್ಟು, ಜೊತೆಗೆ ಉಳಿಸಿಕೊಳ್ಳುವ ಮನೆಯವರ ಪತ್ರ. ಹಾಗಾಗಿ ನನ್ನನ್ನು ಉಳಿಸಿಕೊಳ್ಳಲಿದ್ದ ಅಜ್ಜಿಯ ಮುಖಕ್ಕಿಂತ ಮೊದಲು ಅವರ ಸಹಿ ಪರಿಚಯವಾಯಿತು. ಹೊರಡಲು ಒಂಬತ್ತು ದಿನವಿದ್ದಾಗ ಪಾಸ್‌ಪೋರ್ಟ್ ಕೈಗೆ ಬಂತು. ಅಷ್ಟರಲ್ಲಿ ನನ್ನ ಜಾಗಕ್ಕೆ ಇನ್ನೊಬ್ಬರನ್ನು ಗೊತ್ತುಮಾಡಬೇಕೇ ಎಂಬ ಮಾತು ಎರಡು ಸಲ ಬಂದುಹೋಗಿತ್ತು.

ಲಂಡನ್, ಬ್ರಸೆಲ್ಸ್, ಕೋಲೋನ್ ದಾಟಿ ರೈಲು ಹ್ಯಾನೋವರ್ ತಲುಪಿದಾಗ ಸಂಜೆಯಾಗಿತ್ತು. ಅಜ್ಜಿಗೆ ಎಂಬತ್ತು ದಾಟಿದೆ, ಒಬ್ಬರೇ ಇರುತ್ತಾರೆ. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ, ನನಗೆ ಜರ್ಮನ್ ಹಾಡಿನಲ್ಲಿ ಬಂದಷ್ಟೇ. ಬಾಗಿಲ ಬಳಿ ಅತಿಥಿಗಳಿಗೆಂದೇ ಇಟ್ಟಿದ್ದ ಉಣ್ಣೆಯ ಚಪ್ಪಲಿ ತೋರಿಸಿದರು. ಆಮೇಲೆ ಮನೆಯ ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ಗಡಿಯಾರದತ್ತ ಬೆರಳು ಮಾಡಿ, ತಾನು ಒಂಬತ್ತಕ್ಕೇ ಮಲಗುತ್ತೇನೆ, ನೀನು ಯಾವಾಗ ಬೇಕಾದರೂ ಬಾ ಎಂದು ಸನ್ನೆ ಮಾಡಿದರು. ನನ್ನ ಲೆಕ್ಕಪತ್ರವೆಲ್ಲ ನೋಡಿದ ಮೇಲಷ್ಟೇ ಒಳಗೆ ಬಿಟ್ಟ ದೇಶದಲ್ಲಿ, ಮೂರೇ ನಿಮಿಷಕ್ಕೆ ಒಂದು ಮನೆಯ ಬೀಗದ ಕೈ ಸಿಕ್ಕಿತ್ತು.

ಮೂರನೆಯ ದಿನ ಅಜ್ಜಿ ಟ್ರಾಮ್ ಹತ್ತಿಸಿ ಎಗೀಡಿಯೆನ್ ಚರ್ಚಿಗೆ ಕರೆದೊಯ್ದರು. ಒಳಗೆ ಆಕಾಶವೇ ಚಾವಣಿ. ಗೋಪುರದಲ್ಲಿ ಹಿರೋಶಿಮಾ ನಗರ ಕೊಟ್ಟ ಶಾಂತಿಯ ಗಂಟೆಯಿದೆ. 1943ರ ಆ ರಾತ್ರಿ ಅವರ ತಾಯಿ ಎರಡು ವರ್ಷದ ಕೂಸನ್ನು ಎತ್ತಿಕೊಂಡು ಬಂಕರಿಗೆ ಓಡಿದ್ದಂತೆ. ಇದನ್ನೆಲ್ಲ ಮೊಬೈಲಿನ ಅನುವಾದದಲ್ಲಿ ಹೇಳಿ ಮುಗಿಸಿ, ಕೊನೆಗೆ ಒಂದು ಪ್ರಶ್ನೆ ಟೈಪಿಸಿದರು: ‘ನೀನು ಆ ಕಡೆಯವಳೂ ಅಲ್ಲ, ಈ ಕಡೆಯವಳೂ ಅಲ್ಲ. ನಿನಗೆ ಇದು ಏನನಿಸುತ್ತದೆ?’

ನನಗೆ ನೆನಪಾದದ್ದು ನಮ್ಮ ತಾತ. ಮೈಸೂರಿನಲ್ಲಿ ಓದುವಾಗ ಅವರು ವಾರಾನ್ನ ಉಂಡವರು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರದು. ಆ ಏಳು ಮನೆಗಳಿಗೆ ಅವರು ಏನನ್ನೂ ಹಿಂದಿರುಗಿಸಲಿಲ್ಲ. ನೌಕರಿ ಸಿಕ್ಕ ಮೇಲೆ ಓದಲು ಬಂದ ಹುಡುಗರಿಗೆ ತಮ್ಮ ನಡುಮನೆಯಲ್ಲಿ ಚಾಪೆ ಹಾಸಿದರು. ವಾರಾನ್ನದ ಬಾಗಿಲುಗಳು ಜಾತಿ ಕೇಳಿ ತೆರೆಯುತ್ತಿದ್ದವು ಎಂಬುದು ಅವರ ಕತೆಗಳಲ್ಲಿ ಬರುತ್ತಿರಲಿಲ್ಲ. ಆ ಚರ್ಚಿನಲ್ಲಿ ನಿಂತಾಗ ಅದೂ ನೆನಪಾಯಿತು. ಇವರು ಶತ್ರುವಿಗೇ ಬಾಗಿಲು ತೆರೆದಿದ್ದರು. ನಾನು ವಾರಾನ್ನದ ವಿಷಯ ಟೈಪಿಸಿದೆ. ಅಜ್ಜಿ ಓದಿ, ನಮ್ಮಲ್ಲೂ ಇತ್ತು ಎಂದು ‘ಕುರೆಂಡೆ’ಯ ಬಗ್ಗೆ ಹೇಳಿದರು: ಬಡ ವಿದ್ಯಾರ್ಥಿಗಳು ಗುಂಪು ಕಟ್ಟಿಕೊಂಡು ಮನೆಗಳ ಮುಂದೆ ಹಾಡಿ ಊಟ ಪಡೆಯುವುದು. ಮಾರ್ಟಿನ್ ಲೂಥರ್ ಹುಡುಗನಾಗಿದ್ದಾಗ ಹಾಗೆ ಹಾಡಿದವನೇ.

ಕಛೇರಿಯಲ್ಲಿ ಎರಡೂ ತಂಡದವರನ್ನು ಬೆರೆಸಿ ನಿಲ್ಲಿಸಿದರು. ಅಜ್ಜಿಯೂ ಆಲ್ಟೊ, ನನ್ನ ಎಡಕ್ಕೆ. ಕ್ವಾಯರ್‌ನಲ್ಲಿ ದೀರ್ಘ ಸ್ವರ ಬಂದಾಗ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಳ್ಳುವಂತಿಲ್ಲ. ಪಕ್ಕದವರು ಹಾಡುತ್ತಿರುವಾಗ ನಾನು ಮೆಲ್ಲಗೆ ಬಿಟ್ಟು, ಉಸಿರೆಳೆದು, ಸದ್ದಾಗದಂತೆ ಮತ್ತೆ ಸೇರಿಕೊಳ್ಳಬೇಕು. ಆಮೇಲೆ ಅವರ ಸರದಿ. ಕೇಳುವವರಿಗೆ ಸ್ವರ ಎಲ್ಲೂ ಕಡಿದಂತೆ ಅನಿಸುವುದಿಲ್ಲ. ಅಜ್ಜಿಗೆ ಉಸಿರು ಬೇಗ ಮುಗಿಯುತ್ತಿತ್ತು. ಎರಡನೆಯ ಹಾಡಿನ ಹೊತ್ತಿಗೆ ಅವರು ಎಲ್ಲಿ ನಿಲ್ಲಿಸುತ್ತಾರೆಂದು ನನಗೆ ಗೊತ್ತಾಗತೊಡಗಿತು.

ಮುಂದಿನ ಮೇ ತಿಂಗಳಲ್ಲಿ ಅವರು ಬ್ರಿಸ್ಟಲ್‌ಗೆ ಬರುತ್ತಾರೆ. ನನ್ನ ಸ್ಕಾಲರ್‌ಶಿಪ್ಪೂ ವೀಸಾವೂ ಅದಕ್ಕೆ ಮೊದಲೇ ಮುಗಿಯುತ್ತವೆ. ಕಳೆದ ಮಂಗಳವಾರ ಉಳಿಸಿಕೊಳ್ಳುವವರ ಪಟ್ಟಿ ಕೈಯಿಂದ ಕೈಗೆ ಬಂತು. ಹೆಸರು, ವಿಳಾಸ, ಎಷ್ಟು ಹಾಸಿಗೆ ಎಂಬ ಮೂರು ಕಾಲಂ. ಬರೆಯದೆ ಮುಂದಕ್ಕೆ ದಾಟಿಸಿದೆ. ಮನೆಗೆ ಬಂದು, ಬಾಡಿಗೆ ಹಂಚಿಕೊಂಡಿರುವ ಗೆಳತಿಗೆ ಹೇಳಿದೆ. ಆಕೆಗೆ ಹಾಡಲು ಬರುವುದಿಲ್ಲ, ಹ್ಯಾನೋವರ್ ಎಲ್ಲಿದೆಯೆಂದೂ ಗೊತ್ತಿಲ್ಲ. ಮೆಟ್ಟಿಲು ಹತ್ತುವುದು ಬೇಡ, ಕೆಳಗಿನ ನನ್ನ ಕೋಣೆ ಬಿಟ್ಟುಕೊಡುತ್ತೇನೆ ಎಂದಳು. ಆಮೇಲೆ ಕೇಳಿದಳು: ‘ಬೆಳಿಗ್ಗೆ ಅವರು ಏನು ತಿನ್ನುತ್ತಾರೆ?’