ನೆತ್ತರ ಕೊಡಗೆ, ಕಟ್ಟುಕೊಡಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಸೀಮೆಯಲ್ಲಿ ಕಾಲುನಡಿಗೆಯಿಂದ ಸಂಚರಿಸುವವನಿಗೆ ಎರಡು ವಸ್ತುಗಳು ಪದೇ ಪದೇ ಎದುರಾಗುತ್ತವೆ: ಒಂದು ಕೆರೆಯ ಏರಿ, ಇನ್ನೊಂದು ವೀರಗಲ್ಲು. ಊರಿನವರು ವೀರಗಲ್ಲಿಗೆ ಕುಂಕುಮವಿಟ್ಟು ಕೈಮುಗಿಯುವುದೂ ಉಂಟು, ಅದರ ಮೇಲೆ ಬಟ್ಟೆ ಒಗೆಯುವುದೂ ಉಂಟು. ಸಾವಿರ ವರ್ಷದ ಹಿಂದೆ ಇಲ್ಲಿ ಮಡಿದವನೊಬ್ಬನಿಗೂ ಅವನ ಒಡೆಯನಿಗೂ ಇದ್ದ ಸಂಬಂಧವನ್ನು ಆ ಕಲ್ಲು ಹೇಳುತ್ತದೆ. ಅದೇ ಸಂಬಂಧದಿಂದಲೇ ದೂರದ ಯೂರೋಪಿನಲ್ಲಿಯೂ ಜಪಾನಿನಲ್ಲಿಯೂ ರಾಜ್ಯಗಳು ಕಟ್ಟಲ್ಪಟ್ಟುವು.

ಚರಿತ್ರೆಯ ಪಾಠಪುಸ್ತಕಗಳು ಈ ಮೂರನ್ನೂ ಸಾಮಂತ ಪದ್ಧತಿಯೆಂಬ ಒಂದೇ ಹೆಸರಿನಿಂದ ಕರೆದು ಮುಂದೆ ಸಾಗುತ್ತವೆ. ಒಡೆಯನು ನೆಲವನ್ನು ಕೊಡುವುದು, ಪಡೆದವನು ಕತ್ತಿ ಹಿಡಿದು ಊಳಿಗ ಮಾಡುವುದು, ಇಷ್ಟು ಎಲ್ಲೆಡೆಯೂ ಒಂದೇ. ಆದರೆ ಊಳಿಗದವನು ಒಡೆಯನನ್ನು ಏನೆಂದು ಕೇಳಬಹುದಾಗಿತ್ತೆಂದು ವಿಚಾರಿಸಿದರೆ ಹಾದಿಗಳು ಬೇರೆಯಾಗುತ್ತವೆ.

ಯೂರೋಪಿನಲ್ಲಿ ಸಾಮಂತನು ತನ್ನ ಜೋಡಿಸಿದ ಕೈಗಳನ್ನು ಒಡೆಯನ ಕೈಗಳ ನಡುವೆ ಇಟ್ಟು ಪ್ರತಿಜ್ಞೆ ಮಾಡುತ್ತಿದ್ದನು. ಆ ಪ್ರತಿಜ್ಞೆ ಇಬ್ಬರನ್ನೂ ಕಟ್ಟಿಹಾಕುವುದೆಂದು ಷಾರ್ಟ್ರ್‌ನ ಬಿಷಪ್ ಫುಲ್ಬರ್ಟನು ಕ್ರಿ. ಶ. 1020ರ ಸುಮಾರಿನಲ್ಲಿಯೇ ಬರೆದನು. 1215ರಲ್ಲಿ ಇಂಗ್ಲೆಂಡಿನ ಸರದಾರರು ದೊರೆ ಜಾನನ ಕೈಯಿಂದ ಮಹಾಸನದನ್ನು ಬರೆಯಿಸಿಕೊಂಡದ್ದೂ, ಅವನು ಮಾತು ತಪ್ಪಿದರೆ ನೋಡಿಕೊಳ್ಳಲು ಇಪ್ಪತ್ತೈದು ಮಂದಿಯನ್ನು ಗೊತ್ತುಮಾಡಿದ್ದೂ ಈ ತಿಳಿವಳಿಕೆಯ ಬಲದಿಂದಲೇ. ಬೇಸಾಯಗಾರನಿಗೆ ಇದರಿಂದ ಹೆಚ್ಚು ಲಾಭವಾಯಿತೆಂದಲ್ಲ, ಕರಾರು ಸರದಾರರದು.

ಜಪಾನಿನಲ್ಲಿ ಮಿನಾಮೊಟೊ ಯೊರಿಟೊಮೊ 1192ರಲ್ಲಿ ಷೋಗನ್ ಪದವಿಯನ್ನು ಪಡೆದು ಕಾಮಾಕುರದಿಂದ ಆಳಿದನು. ಚಕ್ರವರ್ತಿ ಕ್ಯೋಟೊ ನಗರದಲ್ಲಿ ಹೆಸರಿಗೆ ಇದ್ದನು. ಅಲ್ಲಿ ಒಡೆಯನದು ಉಪಕಾರ, ಆಳಿನದು ಋಣ. ತಂದೆ ಮಕ್ಕಳ ನಡುವೆ ಇರುವಂತಹ ನಂಟೆಂದು ಅದನ್ನು ಹೊಗಳುವುದು ವಾಡಿಕೆ. ಆದರೆ ಋಣದ ಲೆಕ್ಕವನ್ನು ಆಳೂ ಇಡುತ್ತಿದ್ದನು. 1274ರಲ್ಲಿ ಮಂಗೋಲರು ದಂಡೆತ್ತಿ ಬಂದಾಗ ತಾಕೆಜಾಕಿ ಸುಎನಾಗನೆಂಬ ಸಾಮಾನ್ಯ ಯೋಧನು ಮುಂದಾಗಿ ನುಗ್ಗಿ ಹೋರಾಡಿದನು. ಅವನ ಸಾಹಸ ಷೋಗನನ ಕಚೇರಿಗೆ ವರದಿಯಾಗಲಿಲ್ಲ. ಮರುವರ್ಷ ಅವನು ಕುದುರೆ ಜೀನುಗಳನ್ನು ಮಾರಿ ದಾರಿಯ ಖರ್ಚಿಗೆ ಮಾಡಿಕೊಂಡು, ದೂರದ ಕ್ಯೂಷು ದ್ವೀಪದಿಂದ ಕಾಮಾಕುರಕ್ಕೆ ಹೋಗಿ, ಅಧಿಕಾರಿಯ ಮುಂದೆ ವಾದಿಸಿ, ಭೂಮಿಯ ಹಕ್ಕನ್ನು ಪಡೆದೇ ಹಿಂದಿರುಗಿದನು. ಬಳಿಕ ತನ್ನ ಪರಾಕ್ರಮವನ್ನು ಚಿತ್ರದ ಸುರುಳಿಗಳಲ್ಲಿ ಬರೆಯಿಸಿದನು. ಎಲ್ಲರೂ ಅವನಷ್ಟು ಭಾಗ್ಯವಂತರಾಗಲಿಲ್ಲ. 1281ರ ಎರಡನೆಯ ದಾಳಿಯನ್ನೂ ಜಪಾನೀಯರು ತಡೆದರು. ಆದರೆ ಸೋತ ಶತ್ರು ಹಂಚುವುದಕ್ಕೆ ನೆಲವನ್ನು ಬಿಟ್ಟುಹೋಗಿರಲಿಲ್ಲ. ಬಹುಮಾನ ಕಾಣದ ಯೋಧರ ಅಸಮಾಧಾನ ಬೆಳೆದು, 1333ರಲ್ಲಿ ಕಾಮಾಕುರದ ಸರ್ಕಾರ ಬಿದ್ದಿತು.

ಸುಎನಾಗನು ಬೇಡಿದ್ದನ್ನು ನಮ್ಮ ಶಾಸನಗಳು ‘ನೆತ್ತರ ಕೊಡಗೆ’ ಎನ್ನುತ್ತವೆ. ಊರಿನ ತುರುಗಳನ್ನು ಮರಳಿಸುತ್ತಲೋ ಒಡೆಯನ ಕಾಳಗದಲ್ಲಿಯೋ ಸತ್ತವನ ಮನೆಯವರಿಗೆ ಗದ್ದೆ ಕೊಟ್ಟು ಅದನ್ನು ಕಲ್ಲಿನಲ್ಲಿ ಬರೆಯಿಸುವುದು ಈ ಕ್ರಮ. ಜಪಾನಿನ ಯೋಧನು ತಾನೇ ಹೋಗಿ ಸಾಕ್ಷಿ ಹೇಳಬೇಕಾಯಿತು. ಇಲ್ಲಿ ಕಲ್ಲೇ ಸಾಕ್ಷಿ. ಒಡೆಯನೊಡನೆ ಸಾಯುವ ವ್ರತವೂ ಎರಡು ಕಡೆಯಲ್ಲಿ ಕಾಣುತ್ತದೆ. 1220ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಗತಿಸಲು, ಕುವರ ಲಕ್ಷ್ಮನು ಪತ್ನಿಯೊಡನೆಯೂ ಒಂದು ಸಾವಿರ ವೀರರೊಡನೆಯೂ ಪ್ರಾಣ ಬಿಟ್ಟನೆಂದು ಹಳೆಬೀಡಿನ ಕಂಬದ ಶಾಸನ ಹೇಳುತ್ತದೆ. ಜಪಾನಿನಲ್ಲಿ ಅಂತಹ ಸಾವನ್ನು 1663ರಲ್ಲಿ ಸರ್ಕಾರವೇ ನಿಷೇಧಿಸಬೇಕಾಯಿತು. ಅಷ್ಟು ನಿಷ್ಠೆಯನ್ನು ಬೇಡಿದ ಒಡೆಯರು ಅದಕ್ಕೆ ತಕ್ಕವರಾಗಿದ್ದರೋ ಇಲ್ಲವೋ, ಸತ್ತವರನ್ನು ಕೇಳುವಂತಿಲ್ಲ.

ಆದರೆ ಕೊಡಗೆಯೆಂಬ ಮಾತು ಈ ನಾಡಿನಲ್ಲಿ ಕತ್ತಿಗಷ್ಟೇ ಮೀಸಲಾಗಿರಲಿಲ್ಲ. ಕೆರೆ ಕಟ್ಟಿಸಿದವನಿಗೂ ಒಡೆದ ಏರಿಯನ್ನು ಸರಿಪಡಿಸಿದವನಿಗೂ ಕೊಟ್ಟ ನೆಲಕ್ಕೆ ಕಟ್ಟುಕೊಡಗೆಯೆಂದು ಹೆಸರು. ಕೆರೆಯ ದುರಸ್ತಿಗೆಂದು ಬಿಟ್ಟ ಭೂಮಿ ಬಿತ್ತುವಟ್ಟ. ನದಿಯ ನೀರನ್ನು ನೆಚ್ಚಿ ಬಾಳಲಾರದ ಈ ಸೀಮೆಯಲ್ಲಿ ಗುದ್ದಲಿಯನ್ನು ಕತ್ತಿಯ ಪಕ್ಕದಲ್ಲಿ ಕೂರಿಸಿದ್ದು ಔದಾರ್ಯವಲ್ಲ, ಅಗತ್ಯ. ಯೂರೋಪಿನ ಸರದಾರನ ಉಂಬಳಿ ಮುಖ್ಯವಾಗಿ ಕುದುರೆಯ ಸವಾರಿಗೆ ಸಂದದ್ದು.

ಆವತಿಯಿಂದ ಬೆಳೆದ ಮೊರಸು ಒಕ್ಕಲಿಗ ಪ್ರಭುಗಳು ಈ ನೆಲದ ಮೇಲೆಯೇ ಕೋಟೆ ಕಟ್ಟಿದರು. ಚಿಕ್ಕಬಳ್ಳಾಪುರ ಸ್ಥಾಪನೆಯಾದದ್ದು 1479ರಲ್ಲೆಂದು ಪ್ರತೀತಿ. ಆದರೆ ಈ ಪಾಳೆಯಗಾರನಿಗೆ ಮೇಲಿನವನೊಡನೆ ಮಹಾಸನದೂ ಇರಲಿಲ್ಲ, ತಂದೆ ಮಕ್ಕಳ ನಂಟಿನ ಮಾತೂ ಇರಲಿಲ್ಲ. ಪೊಗದಿ ಕೊಡುವ ತನಕ ಪ್ರಭು, ತಪ್ಪಿದ ದಿನ ದ್ರೋಹಿ. 1762ರಲ್ಲಿ ಹೈದರಾಲಿ ಮುತ್ತಿಗೆ ಹಾಕಿದಾಗ ಅವನು ಹಣದ ಮಾತು ಕೊಟ್ಟು, ಗುತ್ತಿಯ ಮುರಾರಿರಾಯನ ಸಹಾಯ ಬೇಡಿ, ನಂದಿದುರ್ಗವನ್ನು ಸೇರಿದನು; ಕಡೆಗೆ ಸೆರೆಯಾದನು. ಜಪಾನಿನ ದೊಡ್ಡ ಪ್ರಭುಗಳಾದರೋ 1869ರಿಂದ ತಮ್ಮ ಸೀಮೆಗಳನ್ನು ಚಕ್ರವರ್ತಿಗೆ ಒಪ್ಪಿಸುತ್ತ ಬಂದರು. 1871ರಲ್ಲಿ ಆ ಸೀಮೆಗಳು ರದ್ದಾದಾಗ ಪಿಂಚಣಿಯನ್ನು ಪಡೆದರು.

ಪಾಳೆಯಗಾರರು ಹೋದರೂ ಕೊಡಗೆಯ ಗದ್ದೆಗಳು ಬಹುಕಾಲ ಉಳಿದುವು. ಮೈಸೂರಿನ 1954ರ ಇನಾಮು ರದ್ದಿಯಾತಿ ಶಾಸನವೂ ಆ ಮೇಲಿನವುಗಳೂ ಇನಾಮುಗಳನ್ನು ತೆಗೆದುವು. ಉಳುವವನಿಗೆ ಅದು ನ್ಯಾಯವೇ. ಆದರೆ ಗದ್ದೆಯ ಹಕ್ಕಿನೊಡನೆ ಏರಿಯ ಹೊಣೆಯೂ ಕಳಚಿತು. ಅನೇಕ ಕೆರೆಗಳಲ್ಲಿ ಹೂಳು ತುಂಬಿತು, ಕೊಳವೆ ಬಾವಿಗಳು ಆಳಕ್ಕಿಳಿದುವು. ಈಚೆಗೆ ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಈ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನೀರು ಬಂದ ಕೆರೆಯ ಏರಿಯ ಮೇಲೆ ಸಂಜೆಯ ಹೊತ್ತು ಮುದುಕರು ಕುಳಿತುಕೊಳ್ಳುತ್ತಾರೆ. ತೂಬಿನ ಹತ್ತಿರ ಜೊಂಡು ಬೆಳೆದಿದೆ, ಅದನ್ನು ಕೀಳತಕ್ಕವನು ಯಾರೆಂದು ಅವರವರಲ್ಲೇ ಮಾತು ನಡೆಯುತ್ತದೆ.